ಯಾವ ಕೆಂಪೇಗೌಡ?

ಬೆಂಗಳೂರಿನಲ್ಲಿ ಕೆಂಪೇಗೌಡರ ಕಣ್ಣು ತಪ್ಪಿಸಿ ಓಡಾಡುವುದು ಯಾರಿಂದಲೂ ಆಗದ ಮಾತು. ಬಸ್ಸಿಳಿದರೆ ಕೆಂಪೇಗೌಡ ಬಸ್ ನಿಲ್ದಾಣ. ಅದರ ಮಗ್ಗುಲಲ್ಲೇ ನೆಲದೊಳಕ್ಕೆ ಇಳಿದರೆ ನಾಡಪ್ರಭು ಕೆಂಪೇಗೌಡ ಮೆಟ್ರೊ ನಿಲ್ದಾಣ. ಮೇಲೆ ಬಂದು ನಡೆದರೆ ಕೆಂಪೇಗೌಡ ರಸ್ತೆ, ಮುಂದೆ ಕೆಂಪೇಗೌಡ ವೃತ್ತ. ನಡೆದು ನಡೆದು ಕಾಲು ಉಳುಕಿದರೆ ವಿಶ್ವೇಶ್ವರಪುರದಲ್ಲಿ ಕೆಂಪೇಗೌಡ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ. ಸೈಟು ಬೇಕೆಂದರೆ ನಾಡಪ್ರಭು ಕೆಂಪೇಗೌಡ ಬಡಾವಣೆ. ಈ ಕೆಂಪೇಗೌಡರು ಯಾರಪ್ಪಾ ಎಂದು ತಿಳಿಯಬೇಕೆಂದರೆ ಮೇಯೊ ಹಾಲ್‌ನಲ್ಲಿ ಕೆಂಪೇಗೌಡ ಮ್ಯೂಸಿಯಂ. ಸಾಕು, ಊರೇ ಬೇಡ ಎಂದು ವಿಮಾನ ಹತ್ತಲು ಹೊರಟರೆ, 2013ರಿಂದ ಅದೂ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ.

ಊರಿನ ಜನ ಬುದ್ಧಿವಂತರು. ಇವುಗಳಲ್ಲಿ ಒಂದನ್ನೂ ಅವರು ಬೋರ್ಡಿನ ಹೆಸರಿನಿಂದ ಕರೆಯುವುದಿಲ್ಲ. ಬಸ್ ನಿಲ್ದಾಣಕ್ಕೆ ಮೆಜೆಸ್ಟಿಕ್ ಅನ್ನುತ್ತಾರೆ. ಆ ಹೆಸರಿನ ಟಾಕೀಸು ಈಗ ಇಲ್ಲ. ವೃತ್ತಕ್ಕೆ ಮೈಸೂರು ಬ್ಯಾಂಕ್ ಅನ್ನುತ್ತಾರೆ. ಆ ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು. ರಸ್ತೆ ಕೆ.ಜಿ. ರೋಡು, ಆಸ್ಪತ್ರೆ ಕಿಮ್ಸ್, ವಿಮಾನ ನಿಲ್ದಾಣ ಬರೀ ಏರ್‌ಪೋರ್ಟು. ಇಲ್ಲದ ಟಾಕೀಸು, ಇಲ್ಲದ ಬ್ಯಾಂಕು ಹಿಡಿದುಕೊಂಡು ಲಕ್ಷಾಂತರ ಜನ ದಿನಾ ಸರಿಯಾದ ಜಾಗಕ್ಕೆ ತಲುಪುತ್ತಾರೆ.

ಇದು ನನಗೆ ಸಹಿಸಲಾಗದ ಸಂಗತಿಯಾಗಿತ್ತು. ದೊಡ್ಡಬಳ್ಳಾಪುರದ ಸುತ್ತಮುತ್ತ ಮೇಷ್ಟ್ರಾಗಿದ್ದು ನಿವೃತ್ತನಾದವನು ನಾನು. ತಿದ್ದಲು ಮಕ್ಕಳ ಕಾಪಿ ಪುಸ್ತಕ ಸಿಗದ ಮೇಲೆ ಮನುಷ್ಯರನ್ನು ತಿದ್ದಲು ಶುರುಮಾಡಿದ್ದೆ. ನಮ್ಮ ಮನೆಯಲ್ಲಿ 'ಮೆಜೆಸ್ಟಿಕ್' ಎಂಬ ಪದಕ್ಕೆ ನಿಷೇಧವಿತ್ತು. "ನಾಡು ಕಟ್ಟಿದವರ ಹೆಸರು ಬಾಯಲ್ಲಿ ಹೇಳೋಕೆ ಏನು ನೋವು?" ಎಂದು ಹಾಲಿನವನಿಂದ ಹಿಡಿದು ಬೀಗರವರೆಗೆ ಎಲ್ಲರಿಗೂ ಪಾಠ ಮಾಡುತ್ತಿದ್ದೆ. ಆ ಪಾಠವನ್ನು ಮನಸ್ಸಿಗೆ ಹಚ್ಚಿಕೊಂಡವರು ಒಬ್ಬರೇ: ನನ್ನ ಹೆಂಡತಿಯ ಅಣ್ಣ. ನಾನು ಅವರನ್ನು ಭಾವ ಅನ್ನುತ್ತೇನೆ, ಅವರೂ ನನ್ನನ್ನು ಭಾವ ಅನ್ನುತ್ತಾರೆ. ಅವರ ಹೆಸರು ಏನೆಂದು ಹೇಳಲೇಬೇಕೆ? ಕೆಂಪೇಗೌಡ.

ಭಾವ ಮಂಗಳೂರಿನಲ್ಲಿರುವ ಮಗಳ ಮನೆಗೆ ಹೋಗಿದ್ದರು. ಅಲ್ಲಿಂದ ಫೋನ್ ಮಾಡಿ, "ಭಾವ, ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಕೆಂಪೇಗೌಡದಲ್ಲಿ ಇಳೀತೀನಿ, ಬಂದುಬಿಡಿ" ಎಂದರು. ನನ್ನ ಶಿಷ್ಯನ ಉಚ್ಚಾರಣೆ ಕೇಳಿ ಎದೆ ಉಬ್ಬಿತು. ಉಬ್ಬಿದ ಎದೆಯಲ್ಲಿ ಪ್ರಶ್ನೆ ಹುಟ್ಟುವುದಿಲ್ಲ. ಬಾಳೆಹಣ್ಣಿನ ಮುಂದೆ ಅರ್ಧ ಗಂಟೆ ಚೌಕಾಸಿ ಮಾಡುವ ಭಾವ ವಿಮಾನ ಹತ್ತಿಯಾರೇ? ರಾತ್ರಿ ಬಸ್ಸೇ ಸೈ ಎಂದು ತೀರ್ಮಾನಿಸಿದೆ. ವಿಮಾನ ನಿಲ್ದಾಣ ಇರುವುದು ನಮ್ಮ ಪಕ್ಕದ ದೇವನಹಳ್ಳಿ ತಾಲ್ಲೂಕಿನಲ್ಲೇ. ಅದಕ್ಕೆ ಬೆನ್ನು ಹಾಕಿ, ನಸುಕಿನಲ್ಲೇ ಎದ್ದು, ಯಲಹಂಕದ ಮೇಲೆ ಬೆಂಗಳೂರಿಗೆ ಹೋಗುವ ಬಸ್ಸು ಹತ್ತಿದೆ.

ಕಂಡಕ್ಟರಿಗೆ "ಕೆಂಪೇಗೌಡ" ಎಂದೆ. "ಮೆಜೆಸ್ಟಿಕ್ಕಾ?" ಎಂದ. "ಕೆಂಪೇಗೌಡ" ಎಂದೆ. "ಮೆಜೆಸ್ಟಿಕ್ಕೇ ತಾನೆ?" ಎಂದ. ಹಿಂದಿನ ಸೀಟಿನವರು "ಹೂಂ ಅನ್ನಿ ಸಾರ್, ಚಿಲ್ಲರೆ ಇಸ್ಕೊಳ್ಳೋದಿದೆ" ಎಂದರು. ನಾನು ಹೂಂ ಅನ್ನಲಿಲ್ಲ, ಟಿಕೆಟ್ ಮಾತ್ರ ತೆಗೆದುಕೊಂಡೆ.

ಮಂಗಳೂರಿನ ಬಸ್ಸುಗಳು ಬಂದವು, ಹೋದವು. ಭಾವ ಇಳಿಯಲಿಲ್ಲ. ಟೇಬಲ್ ಹಾಕಿಕೊಂಡು ಕೂತಿದ್ದ ಒಬ್ಬರ ಹತ್ತಿರ ಹೋಗಿ, "ಕೆಂಪೇಗೌಡರು ಬಂದ್ರಾ?" ಎಂದು ಕೇಳಿದೆ. ಅವರು ರಿಜಿಸ್ಟರಿನಿಂದ ತಲೆ ಎತ್ತದೆ, "ಅವರು ಬಂದು ಐನೂರು ವರ್ಷ ಆಗ್ತಾ ಬಂತು ಯಜಮಾನ್ರೇ, ಈಗ ವಿಚಾರಿಸ್ತಾ ಇದೀರಲ್ಲ" ಎಂದರು. ಲೆಕ್ಕ ಸರಿಯಾಗಿಯೇ ಇತ್ತು. ಬೆಂಗಳೂರು ಕಟ್ಟಲು ಶುರುವಾದದ್ದು 1537ರಲ್ಲಿ. ನಾನು ನಿಂತಿದ್ದ ನೆಲವೇ ಹಿಂದೆ ಧರ್ಮಾಂಬುಧಿ ಕೆರೆಯ ಅಂಗಳ. ತಿದ್ದಲು ಏನೂ ಸಿಗದೆ ಸುಮ್ಮನೆ ಬಂದೆ.

ಫೋನ್ ಮಾಡಿದೆ.

"ಎಲ್ಲಿದೀರಾ ಭಾವ?"

"ಕೆಂಪೇಗೌಡದಲ್ಲೇ ಇದೀನಿ ಭಾವ. ನೀವು?"

"ನಾನೂ ಅಲ್ಲೇ. ಎದುರಿಗೆ ಏನು ಕಾಣ್ತಿದೆ?"

"ಕೆಂಪೇಗೌಡರು."

ನನ್ನ ಎದುರಿಗೂ ಮೆಟ್ರೊದವರ ದೊಡ್ಡ ಬೋರ್ಡಿನಲ್ಲಿ ಕೆಂಪೇಗೌಡರ ಹೆಸರೇ ಇತ್ತು. ಮೆಟ್ಟಿಲು ಇಳಿದು, ಹತ್ತಿ, ಎಲ್ಲ ದಿಕ್ಕಿನಿಂದಲೂ ಇಣುಕಿದೆ. ಮತ್ತೆ ಫೋನ್ ಮಾಡಿದರೆ, "ಪ್ರತಿಮೆ ಹತ್ರ ಇದೀನಿ, ಬನ್ನಿ, ಗಾಳಿ ಚೆನ್ನಾಗಿದೆ" ಎಂದರು. ಪ್ರತಿಮೆ! ಆಗ ಹೊಳೆಯಿತು. ಕೆಂಪೇಗೌಡರ ಪ್ರತಿಮೆ ಇರುವುದು ಕಾರ್ಪೊರೇಷನ್ ಕಚೇರಿ ಮುಂದೆ. ಪಾಪ, ಹಳ್ಳಿಯವರು, ಯಾರೋ ದಾರಿ ತಪ್ಪಿಸಿ ಅಲ್ಲಿಗೆ ಕಳಿಸಿದ್ದಾರೆ ಎಂದು ಮರುಗುತ್ತಾ, ಕೆಂಪೇಗೌಡ ರಸ್ತೆ ಹಿಡಿದು, ಕೆಂಪೇಗೌಡ ವೃತ್ತ ದಾಟಿ ನಡೆದೆ. ಬೆವರು ಒರೆಸಿಕೊಂಡು ನೋಡಿದರೆ ಅಲ್ಲಿ ಕೆಂಪೇಗೌಡರು ಇದ್ದರು, ಭಾವ ಇರಲಿಲ್ಲ.

"ಭಾವ, ಪ್ರತಿಮೆ ಮುಂದೇನೇ ನಿಂತಿದೀನಿ. ನೀವು ಕಾಣ್ತಾ ಇಲ್ವಲ್ಲ?"

"ನೀವು ಹೇಗೆ ಕಾಣ್ತೀರಿ ಭಾವ? ಇದು ತುಂಬಾ ಎತ್ತರ ಇದೆ. ಅಲ್ಲಿ ಯಾರೋ ಹೇಳ್ತಿದ್ರು, 108 ಅಡಿ ಅಂತೆ. ಕತ್ತಿಯೊಂದೇ ನಾಲ್ಕು ಟನ್ನಂತೆ!"

ಗುಜರಾತಿನ ಪಟೇಲರ ಪ್ರತಿಮೆ ಮಾಡಿದ ರಾಮ್ ಸುತಾರ್ ಅವರೇ ರೂಪಿಸಿದ, 2022ರ ನವೆಂಬರ್ 11ರಂದು ಪ್ರಧಾನಿ ಅನಾವರಣ ಮಾಡಿದ ಕಂಚಿನ ಕೆಂಪೇಗೌಡರು ನಿಂತಿರುವುದು ವಿಮಾನ ನಿಲ್ದಾಣದ ಆವರಣದಲ್ಲಿ. ಅಂದು ಟಿ.ವಿ. ಮುಂದೆ ಕೂತು ನೋಡಿ, ಮನೆಯವರಿಗೆಲ್ಲ ವಿವರಣೆ ಕೊಟ್ಟವನೂ ನಾನೇ. "ನೀವು ವಿಮಾನದಲ್ಲಿ ಬಂದ್ರಾ?" ಎಂದು ಕೂಗಿದೆ. "ಮಗಳು ಟಿಕೆಟ್ ಮಾಡಿಸಿಬಿಟ್ಟಿದ್ಲು. ಏರ್‌ಪೋರ್ಟು ಅನ್ನೋಣ ಅಂದ್ಕೊಂಡೆ, ನೀವು ಬೈತೀರಲ್ಲ ಭಾವ" ಎಂದರು. "ಅಲ್ಲೇ ಇರಿ" ಎಂದೆ. ಅಷ್ಟರಲ್ಲಿ ಅವರ ಫೋನಿನ ಉಸಿರು ನಿಂತಿತು.

ಮತ್ತೆ ಮೆಜೆಸ್ಟಿಕ್ಕಿಗೆ (ಆಯಾಸದಲ್ಲಿ ನಾಲಿಗೆ ಹಾಗೇ ಹೊರಳಿತು) ಬಂದು ವಾಯುವಜ್ರ ಬಸ್ಸು ಹತ್ತಿದೆ. ಕೆಂಪೇಗೌಡದಿಂದ ಕೆಂಪೇಗೌಡಕ್ಕೆ ಟಿಕೆಟ್! ದುಡ್ಡು ಕೊಟ್ಟು ಇದ್ದಲ್ಲೇ ಇರುವ ಪ್ರಯಾಣ. ಮೇಖ್ರಿ ವೃತ್ತದ ಹತ್ತಿರ ಪಕ್ಕದ ಸೀಟಿನ ಹುಡುಗನಿಗೆ, "ಇಲ್ಲೊಂದು ಕೆಂಪೇಗೌಡ ಗೋಪುರ ಇದೆ, ಗೊತ್ತಾ?" ಎಂದೆ. ಅವನು ಪಾಪ ಮರ್ಯಾದಸ್ಥ, "ಹೌದಾ ಅಂಕಲ್?" ಎಂದ. ಆ ಎರಡು ಪದ ಸಾಕಾಯಿತು. ಇಂಥವು ನಾಲ್ಕಿವೆ, ಲಾಲ್‌ಬಾಗ್, ಹಲಸೂರು, ಕೆಂಪಾಂಬುಧಿ ಕೆರೆ, ಇದು. ಗೋಪುರ ಕಟ್ಟಿಸಿದ್ದು ಇಮ್ಮಡಿ ಕೆಂಪೇಗೌಡ ಎನ್ನುತ್ತಾರೆ, ಊರು ಕಟ್ಟಿಸಿದ್ದು ಹಿರಿಯ ಕೆಂಪೇಗೌಡ, ಆಮೇಲೆ ಮುಮ್ಮಡಿ ಕೆಂಪೇಗೌಡ ಅಂತಲೂ ಒಬ್ಬರಿದ್ದರು ಎಂದು ಶುರುಮಾಡಿದೆ. ಹೆಬ್ಬಾಳ ದಾಟುವಾಗ ಅವತಿಗೆ ಬಂದಿದ್ದೆ. ಈ ವಂಶದ ಹಿರಿಯರು ಕಂಚಿಯ ಕಡೆಯಿಂದ ಎತ್ತಿನ ಗಾಡಿ ಕಟ್ಟಿಕೊಂಡು ಬಂದು ದೇವನಹಳ್ಳಿ ಪಕ್ಕದ ಅವತಿಯಲ್ಲಿ ನೆಲೆಸಿದರಂತೆ. ಅವರಲ್ಲೇ ಮಲ್ಲಭೈರೇಗೌಡ 1501ರಲ್ಲಿ ದೇವನಹಳ್ಳಿ ಕೋಟೆ ಕಟ್ಟಿಸಿದ್ದು. ಇನ್ನೊಂದು ಕವಲು ಯಲಹಂಕಕ್ಕೆ ಹೋಗಿ ಅಲ್ಲಿಂದ ಕೆಂಪೇಗೌಡರು ಬಂದರು. ಗಾಡಿಯಲ್ಲಿ ಬಂದ ಮನೆತನದ ಹೆಸರಿನಲ್ಲಿ, ಗಾಡಿ ನಿಲ್ಲಿಸಿದ ಜಾಗದ ಪಕ್ಕದಲ್ಲೇ, ಇವತ್ತು ವಿಮಾನ ಇಳಿಯುತ್ತಿದೆ ನೋಡಪ್ಪಾ ಎಂದು ಭಾವುಕನಾಗಿ ತಿರುಗಿದೆ. ಹುಡುಗ ಕಿವಿಗೆ ಏನೋ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದ್ದ.

ಪ್ರತಿಮೆಯ ಬಳಿ ಭಾವ ಇರಲಿಲ್ಲ. ಒಳಗೆ ಹೋಗಿ ಕಾಯುತ್ತಿರಬಹುದೆಂದು ಪ್ರಯಾಣಿಕರು ಹೊರಬರುವ ಕಡೆ ಬಂದೆ. ಅಲ್ಲಿ ಕಾರಿನ ಚಾಲಕರು ಹೆಸರು ಬರೆದ ಹಾಳೆ ಹಿಡಿದು ನಿಂತಿದ್ದರು. ಇದೇ ಸರಿಯಾದ ಕ್ರಮವೆನ್ನಿಸಿತು. ಒಬ್ಬರ ಹತ್ತಿರ ಹಾಳೆ, ಇನ್ನೊಬ್ಬರ ಹತ್ತಿರ ಪೆನ್ನು ಬೇಡಿ, ಕಪ್ಪು ಹಲಗೆಯ ಮೇಲೆ ಪಳಗಿದ ಕೈಯಿಂದ ದುಂಡಗೆ 'ಕೆಂಪೇಗೌಡ' ಎಂದು ಬರೆದು ಎತ್ತಿ ಹಿಡಿದೆ.

ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ 'ಕೆಂಪೇಗೌಡ' ಎಂಬ ಫಲಕ ಹಿಡಿದು ನಿಂತ ಮುದುಕನನ್ನು ಜಗತ್ತು ಏನೆಂದು ತಿಳಿದೀತು? ನಿಲ್ದಾಣದವರೇ ಸ್ವಾಗತಕ್ಕೆ ನಿಲ್ಲಿಸಿದ್ದಾರೆ ಎಂದು ತಿಳಿಯಿತು. ಉತ್ತರದ ಕಡೆಯ ದಂಪತಿ ನನ್ನ ಎಡಬಲ ನಿಂತು ಸೆಲ್ಫಿ ತೆಗೆದುಕೊಂಡರು. ಒಬ್ಬ ಪರದೇಶಿ ಕೈಮುಗಿದ. ನಾನೂ ಮುಗಿಯಲು ಹೋಗಿ ಫಲಕ ಬೀಳಿಸಿದೆ. ಅಜ್ಜಿಯೊಬ್ಬರು ಶೌಚಾಲಯ ಎಲ್ಲಿ ಎಂದು ಕೇಳಿದರು. ಪಕ್ಕದ ಚಾಲಕ ಬಹಳ ಹೊತ್ತು ನನ್ನನ್ನೇ ನೋಡಿ, "ಸಾರ್, ದಿನಕ್ಕೆ ಎಷ್ಟು ಕೊಡ್ತಾರೆ?" ಎಂದ.

ಆಗ ಮನೆಯಿಂದ ಫೋನ್ ಬಂತು.

"ರೀ, ಅಣ್ಣ ಬಂದು, ಊಟ ಮಾಡಿ, ಮಲಗಿದಾರೆ. ಫೋನಿನ ಚಾರ್ಜು ಮುಗಿದ್ಮೇಲೆ ಯಾರನ್ನೋ ಕೇಳಿ ದೇವನಹಳ್ಳಿಗೆ ಬಂದ್ರಂತೆ, ಅಲ್ಲಿಂದ ಬಸ್ಸು ಸಿಕ್ತಂತೆ. ನೀವೆಲ್ಲಿ ಹಾಳಾಗೋದ್ರಿ?"

"ಕೆಂಪೇಗೌಡದಲ್ಲಿದೀನಿ."

ಅವಳು ಒಂದು ಕ್ಷಣ ಸುಮ್ಮನಿದ್ದು, "ಯಾವ ಕೆಂಪೇಗೌಡ?" ಎಂದಳು. ನನ್ನ ಇಡೀ ಸೇವಾವಧಿಯಲ್ಲಿ ಯಾವ ವಿದ್ಯಾರ್ಥಿಯೂ ಇಷ್ಟು ಸರಿಯಾದ ಪ್ರಶ್ನೆ ಕೇಳಿರಲಿಲ್ಲ.

ಸಂಜೆ ಮನೆ ಸೇರಿದಾಗ ಭಾವ ಎದ್ದು ಕಾಫಿ ಕುಡಿಯುತ್ತಿದ್ದರು. ನಾನು ಸೋತು ಕೂರುವ ಪೈಕಿಯಲ್ಲ. ಸರ್ಕಾರಕ್ಕೆ ಅರ್ಜಿ ಬರೆಯಲು ಕೂತೆ. ಇತಿಹಾಸಕಾರರು ಹಿರಿಯ, ಇಮ್ಮಡಿ, ಮುಮ್ಮಡಿ ಎಂದು ಗುರುತು ಹಾಕಿಕೊಂಡಿರುವಂತೆಯೇ, ಬಸ್ ನಿಲ್ದಾಣವನ್ನು ಹಿರಿಯ ಕೆಂಪೇಗೌಡ, ಮೆಟ್ರೊವನ್ನು ಇಮ್ಮಡಿ ಕೆಂಪೇಗೌಡ, ವಿಮಾನ ನಿಲ್ದಾಣವನ್ನು ಮುಮ್ಮಡಿ ಕೆಂಪೇಗೌಡ ಎಂದು ಕರೆಯತಕ್ಕದ್ದು ಎಂಬುದು ಅದರ ಸಾರಾಂಶ. "ನಮ್ಮ ಜಿಲ್ಲೆಗೇ ಬೆಂಗಳೂರು ಉತ್ತರ ಅಂತ ಹೆಸರಿಡೋಕೆ 2025ರಲ್ಲಿ ನಂದಿಬೆಟ್ಟದಲ್ಲಿ ಸಂಪುಟ ಸಭೆ ಮಾಡಿ ತೀರ್ಮಾನ ಮಾಡಿದವರು ಇವರು. ಬೆಂಗಳೂರು ಉತ್ತರ ಅನ್ನೋ ತಾಲ್ಲೂಕು ಆಗಲೇ ನಗರ ಜಿಲ್ಲೆಯಲ್ಲಿದೆ. ನಿಮ್ಮ ಅರ್ಜಿ ಯಾವ ಉತ್ತರದಿಂದ ಬಂತು ಅಂತ ಹುಡುಕೋ ಹೊತ್ತಿಗೆ ನಿಮ್ಮ ಆಯುಸ್ಸು ಮುಗಿಯುತ್ತೆ" ಎಂದಳು ಹೆಂಡತಿ.

ಭಾವ ಲೋಟ ಕೆಳಗಿಟ್ಟು, ಅರ್ಜಿಯನ್ನು ಎರಡು ಸಲ ಓದಿ, ನನ್ನ ಪೆನ್ನು ತೆಗೆದುಕೊಂಡರು. "ಕೆಳಗೆ ನಿಮ್ಮ ಹೆಸರು ಬೇಡ ಭಾವ, ನಾನು ಸಹಿ ಹಾಕ್ತೀನಿ. 'ಇಂತಿ ತಮ್ಮ, ಕೆಂಪೇಗೌಡ' ಅಂತ ನೋಡಿದ್ರೆ ಒಂದಿನಾನೂ ಇಟ್ಕೊಳ್ಳಲ್ಲ, ಹೆದರಿ ಮಂಜೂರು ಮಾಡ್ತಾರೆ."