ಪೆಟ್ಟಿಗೆ ಇಟ್ಟು ಹೋದ ಪುಣ್ಯಾತ್ಮರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಹೆಸರು ಗೊತ್ತಿದ್ದರೆ ಹೆಸರು ಹಿಡಿದೇ ಬರೆಯುತ್ತಿದ್ದೆ. ವಿಳಾಸ ಗೊತ್ತಿದ್ದರೆ ಅಂಚೆಗೆ ಹಾಕುತ್ತಿದ್ದೆ. ನೀವು ಅವೆರಡನ್ನೂ ಬಿಟ್ಟು ಹೋಗಲಿಲ್ಲ. ಬಿಟ್ಟು ಹೋದದ್ದು ಒಂದು ರಟ್ಟಿನ ಪೆಟ್ಟಿಗೆ, ಅದರೊಳಗೆ ಮೂರು ಜೀವ. ಹಾಗಾಗಿ ಈ ಪತ್ರ ಬಹಿರಂಗ.

ಮೊದಲಿಗೆ ಅಭಿನಂದನೆ. ರಾತ್ರಿ ಹನ್ನೊಂದೂವರೆಗೆ ಬೀದಿ ತುದಿಯಲ್ಲೇ ಬೈಕ್ ಆಫ್ ಮಾಡಿ, ತಳ್ಳಿಕೊಂಡು ಬಂದು, ಒಳಗಿದ್ದ ನಾಯಿಗಳಲ್ಲಿ ಒಂದೂ ಬೊಗಳದ ಹಾಗೆ ಗೇಟಿನ ಬಳಿ ಪೆಟ್ಟಿಗೆ ಇಟ್ಟು ಹೋದಿರಲ್ಲ, ಅದೇನು ಸಾಮಾನ್ಯ ಕೈಚಳಕವಲ್ಲ. ಇದೇ ಚಿತ್ರದುರ್ಗದ ಕಿಂಡಿಯಲ್ಲಿ ನುಸುಳಲು ಬಂದ ಹೈದರಾಲಿಯ ಸೈನಿಕರು ಓಬವ್ವನ ಒನಕೆಗೆ ಸಿಕ್ಕರು, ನೀವು ಯಾರಿಗೂ ಸಿಗಲಿಲ್ಲ. ನಿಮಗೂ ಅವರಿಗೂ ಇನ್ನೊಂದು ವ್ಯತ್ಯಾಸವಿದೆ. ಅವರು ಕೋಟೆಯಿಂದ ಏನಾದರೂ ಒಯ್ಯಲು ಬಂದಿದ್ದರು.

ನಮ್ಮ ಮನೆ ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳುವುದಿಲ್ಲ. ಮೂವತ್ತಾರು ವರ್ಷ ಮಕ್ಕಳಿಗೆ ಕನ್ನಡ ಕಲಿಸಿ ನಿವೃತ್ತಳಾದ ನನ್ನನ್ನು ಆಟೊದವರು ಈಗ ‘ನಾಯಿ ಟೀಚರ್’ ಎನ್ನುತ್ತಾರೆ. ಶುರುವಾದದ್ದು ಒಂದೇ ಮರಿಯಿಂದ. ಹೆದ್ದಾರಿ 48ರ ಪಕ್ಕದಲ್ಲಿ ಕಾಲು ಮುರಿದುಕೊಂಡು ಬಿದ್ದಿತ್ತು, ವಾಸಿಯಾಗುವವರೆಗೆ ಇಟ್ಟುಕೊಂಡು ಒಳ್ಳೆಯವರ ಕೈಗೆ ಕೊಟ್ಟೆ. ಬೆಂಗಳೂರಲ್ಲಿ ಇದಕ್ಕೆ ‘ಫಾಸ್ಟರ್’ ಅಂತಾರಮ್ಮ ಎಂದ ಮಗ. ನಮ್ಮಲ್ಲಿ ಇದಕ್ಕೆ ಹೊಸ ಹೆಸರು ಬೇಕಿರಲಿಲ್ಲ, ಇದು ಬಾಣಂತನ. ತವರಿಗೆ ಬಂದವಳಿಗೆ ಎಣ್ಣೆ ನೀರು ಹಾಕಿ, ಖಾರ ತಿನ್ನಿಸಿ, ಮೈಕೈ ತುಂಬಿಕೊಂಡ ಮೇಲೆ ಅವಳ ಮನೆಗೆ ಕಳಿಸಿಕೊಡುವುದು. ಕಳಿಸಿಕೊಡುವುದೂ ಬಾಣಂತನದ ಲೆಕ್ಕದಲ್ಲೇ ಬರುತ್ತದೆ. ನೀವು ಮಾತ್ರ ಇದನ್ನು ಗುಜರಿ ಅಂಗಡಿ ಎಂದುಕೊಂಡಿರಿ.

ಬಂದವರಿಗೆ ಹೆಸರು ಹುಡುಕುವ ಕಷ್ಟವೂ ಈಗ ಇಲ್ಲ. ಚೀಲ ನೋಡಿ ತಾಲ್ಲೂಕು ಹೇಳಬಲ್ಲೆ. ಹಿರಿಯೂರಿನ ಕಡೆಯಿಂದ ಈರುಳ್ಳಿಯ ಕೆಂಪು ಬಲೆಚೀಲದಲ್ಲಿ ಬಂದವಳು ಈರುಳ್ಳಿ. ಹೊಳಲ್ಕೆರೆಯ ಅಡಿಕೆ ಚೀಲದವಳು ಅಡಿಕೆ. ದುರ್ಗದ್ದೇ ಮಂಡಕ್ಕಿ ಚೀಲದವಳು ಮಂಡಕ್ಕಿ. ನೀವಿಟ್ಟದ್ದು ಹೊಸದುರ್ಗದ ಕಡೆಯ ದಾಳಿಂಬೆ ಪೆಟ್ಟಿಗೆ. ಮೇಲೆ ‘ಎಕ್ಸ್‌ಪೋರ್ಟ್ ಕ್ವಾಲಿಟಿ’ ಎಂದು ಅಚ್ಚಾಗಿತ್ತು. ಒಳಗಿದ್ದವರ ಹೊಟ್ಟೆ ಜಂತುಹುಳುವಿನಿಂದ ಉಬ್ಬಿ ಡೋಲಾಗಿತ್ತು, ಕಿವಿಯ ಸಂದಿಯಲ್ಲಿ ಉಣ್ಣೆ ಸಾಲುಗಟ್ಟಿತ್ತು.

ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳಲು 89 ವರ್ಷ ಕಾಯಿತು, 2022ರಲ್ಲಿ ಜನ ಹೋಗಿ ಬಾಗಿನ ಬಿಟ್ಟು ಬಂದರು. ನಮ್ಮ ಮನೆ ವರ್ಷಕ್ಕೆರಡು ಸಲ ಕೋಡಿ ಬೀಳುತ್ತದೆ, ಬಾಗಿನ ತರುವವರಿಲ್ಲ. ಕಾರ್ತಿಕದ ಬೀದಿ ಸಂಭ್ರಮಕ್ಕೆ ನಾಯಿಯ ಬಸಿರಿನ 63 ದಿನ ಕೂಡಿಸಿ ನೋಡಿ, ಸಂಕ್ರಾಂತಿಯ ಆಸುಪಾಸಿಗೆ ಬಂದು ನಿಲ್ಲುತ್ತೀರಿ. ಎಳ್ಳುಬೆಲ್ಲದ ಜೊತೆಗೆ ಪೆಟ್ಟಿಗೆಗಳೂ ಬರುವುದು ಆಗಲೇ.

ಈ ಪೆಟ್ಟಿಗೆಗಳಲ್ಲಿ ಒಂದು ಸೋಜಿಗವಿದೆ. ಬರುವವರು ಬಹುಪಾಲು ಹೆಣ್ಣು ಮರಿಗಳು. ಒಂದು ಸೂಲಿನಲ್ಲಿ ಗಂಡು ಹೆಣ್ಣು ಎರಡೂ ಹುಟ್ಟುತ್ತವೆ ಎಂದು ನಾನು ಓದಿದ ವಿಜ್ಞಾನ ಹೇಳುತ್ತದೆ. ನಿಮ್ಮ ಹಿತ್ತಿಲಿನ ವಿಜ್ಞಾನ ಬೇರೆ ಇರಬೇಕು. ಮರಿ ಬೇಕೆಂದು ಬರುವ ಫೋನಿನ ಪಾಠವೂ ಒಂದೇ.

“ಟೀಚರಮ್ಮ, ತೋಟ ಕಾಯಾಕೆ ಒಂದ್ ಮರಿ ಬೇಕಿತ್ತು. ಗಂಡು ಐತಾ?”

“ಇಲ್ಲಪ್ಪ, ಇರೋವೆಲ್ಲ ಹೆಣ್ಣೇ. ಚೆನ್ನಾಗಿ ಕಾಯ್ತವೆ.”

“ಹೆಣ್ಣಾ? ಹೆಣ್ಣು ಕಟ್ಕಂಡು ಏನ್ ಮಾಡ್ಲಮ್ಮ, ವರ್ಷಕ್ಕೆರಡು ಸಲ ಮರಿ ಹಾಕ್ತೈತೆ.”

“ಆಪರೇಷನ್ ಮಾಡ್ಸಿ ಕೊಡ್ತೀನಿ.”

“ಅಯ್ಯೋ, ಪಾಪ ಅಲ್ವಾ ಅದು!”

ಮರಿಗಳನ್ನು ಚೀಲಕ್ಕೆ ತುಂಬಿ ಹೆದ್ದಾರಿ ಬದಿಗೆ ಇಟ್ಟು ಬಂದರೆ ಪಾಪವಿಲ್ಲ, ತಾಯಿಗೆ ಆಪರೇಷನ್ ಮಾಡಿಸಿದರೆ ಪಾಪ. 2022ರಲ್ಲಿ ‘777 ಚಾರ್ಲಿ’ ಸಿನಿಮಾ ನೋಡಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರೇ ಕಣ್ಣೀರು ಹಾಕಿದರು. ನೀವೂ ಅತ್ತಿರುತ್ತೀರಿ. ಅದಾದ ಮೇಲೆ ನನಗೆ ಎಷ್ಟೋ ಜನ ಫೋನ್ ಮಾಡಿ ಚಾರ್ಲಿಯಂಥದ್ದೇ ಬೇಕು, ಆದರೆ ಗಂಡು ಬೇಕು ಎಂದರು. ಚಾರ್ಲಿ ಹೆಣ್ಣು ಕಣ್ರೀ ಎಂದರೆ ಆ ಕಡೆ ಫೋನ್ ಕಟ್ಟಾಗುತ್ತಿತ್ತು.

ಕನ್ನಡದ ಟೀಚರಲ್ಲವೇ, ಒಂದು ಹಳೆಯ ಪಾಠ ಹೇಳಿಯೇ ಮುಂದೆ ಹೋಗುತ್ತೇನೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕ್ರಿ.ಶ. 949-50ರ ಸುಮಾರಿನ ಒಂದು ಶಾಸನ ಸಿಕ್ಕಿದೆ, ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರ ಪ್ರಕಾರ, ತಕ್ಕೋಲದ ಯುದ್ಧದಲ್ಲಿ ಚೋಳರ ವಿರುದ್ಧ ಕಾದಾಡಿದ ಮಣಲೇರನೆಂಬ ವೀರನ ಶೌರ್ಯ ಮೆಚ್ಚಿ ಅವನ ದೊರೆ ‘ಏನು ಬೇಕೋ ಕೇಳು’ ಅಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಮಣಲೇರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಮುಂದೆ ದೊಡ್ಡದೊಂದು ಕಾಡುಹಂದಿಯ ಮೇಲೆ ಬಿದ್ದು, ಅದನ್ನು ಕೊಂದು ತಾನೂ ಸತ್ತಿತು. ನಾಯಿಗೆ ವೀರಗಲ್ಲು ಎದ್ದಿತು, ಭೂಮಿ ದತ್ತಿಯಾಯಿತು. ಆ ಕಲ್ಲಿದ್ದ ಸ್ಥಾನದ ಗೊರವ ಅದನ್ನು ಪೂಜಿಸದೆ ಊಟ ಮಾಡಬಾರದೆಂದು ಕಟ್ಟಳೆಯೂ ಆಯಿತು.

ಗೊರವ ಅಂದಕೂಡಲೇ ನಿಮಗೆ ಮೈಲಾರಲಿಂಗನ ಪರಿಷೆ ನೆನಪಾಗಬೇಕು. ಕಪ್ಪು ಕಂಬಳಿಯ ಗೊರವಯ್ಯ ನಾಯಿಯ ಹಾಗೆ ಬೊಗಳುತ್ತ, ದೋಣಿಯಲ್ಲಿ ಹಾಕಿದ ಹಾಲು ಬಾಳೆಹಣ್ಣಿಗೆ ಬಾಯಿ ಹಾಕಿ ತಿನ್ನುತ್ತಾನೆ, ನಾವು ಸಾಲುಗಟ್ಟಿ ಕಾಲಿಗೆ ಬೀಳುತ್ತೇವೆ. ಮನುಷ್ಯ ನಾಯಿಯಾದರೆ ದೋಣಿ ತುಂಬಿಸುತ್ತೇವೆ. ನಾಯಿ ನಾಯಿಯೇ ಆಗಿದ್ದರೆ ಕಲ್ಲು ಹುಡುಕುತ್ತೇವೆ.

ದೋಣಿ ಅಂದೆ, ಹಾಗಾಗಿ ಹಾಲಿನ ಮಾತೂ ಆಗಿಬಿಡಲಿ. ಪೆಟ್ಟಿಗೆಯ ಜೊತೆಗೆ ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ಇಟ್ಟಿದ್ದಿರಿ. ಅಂತಃಕರಣ ದೊಡ್ಡದು. ಆದರೆ ಹಸುವಿನ ಹಾಲು ಎಳೆಯ ಮರಿಗಳಿಗೆ ಅರಗುವುದಿಲ್ಲ, ಭೇದಿಯಾಗುತ್ತದೆ. ಎರಡು ವಾರ ತುಂಬುತ್ತಿದ್ದ ಹಾಗೆ ಜಂತುಹುಳುವಿನ ಔಷಧಿ, ನಲವತ್ತೈದು ದಿನದ ಹೊತ್ತಿಗೆ ಮೊದಲ ಲಸಿಕೆ, ಮೂರು ತಿಂಗಳಿಗೆ ರೇಬೀಸ್ ಚುಚ್ಚುಮದ್ದು, ನಡುವೆ ರಾತ್ರಿ ಮೂರು ಸಲ ಎದ್ದು ಕೈಯಲ್ಲಿ ಉಣಿಸುವುದು. ಆಮೇಲೆ ಹಿಚುಕಿದ ಮೊಟ್ಟೆ, ತೆಳು ಮುದ್ದೆ. ಬೆಂಗಳೂರಿನ ಪಾಲಿಕೆ 2025ರಲ್ಲಿ ಸುಮಾರು 5,000 ಬೀದಿನಾಯಿಗಳಿಗೆ ಕೋಳಿಮಾಂಸದ ಅನ್ನ ಹಾಕುವ ಯೋಜನೆ ಪ್ರಕಟಿಸಿದಾಗ ಆ ಸುದ್ದಿಯನ್ನು ನಾನು ಮನೆಯಲ್ಲಿ ಗಟ್ಟಿಯಾಗಿ ಓದಲಿಲ್ಲ. ಮುದ್ದೆ ತಿನ್ನುತ್ತಿದ್ದವರು ಕೇಳಿಸಿಕೊಂಡಾರು ಎಂಬ ಭಯ.

ನೀವು ಕಾನೂನಿಗೆ ಹೆದರಿ ಕತ್ತಲಲ್ಲಿ ಬಂದಿರಿ ಎಂದಾದರೆ ನಿಶ್ಚಿಂತೆಯಿಂದಿರಿ. ಹಸಿವು ಬಾಯಾರಿಕೆಯಿಂದ ನರಳುವ ಹಾಗೆ ಪ್ರಾಣಿಯನ್ನು ಕೈಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧವೇನೋ ಹೌದು. ಮೊದಲ ಸಲಕ್ಕೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಗೆಳೆಯರೊಂದಿಗೆ ಮಂಡಕ್ಕಿ ಮೆಣಸಿನಕಾಯಿ ತಿಂದು ಟೀ ಕುಡಿದರೆ ಅದಕ್ಕಿಂತ ಹೆಚ್ಚಾಗುತ್ತದೆ. ಆ ಐವತ್ತನ್ನು ಹಾಲಿನ ಪ್ಯಾಕೆಟ್ಟಿನ ಬದಲು ಪೆಟ್ಟಿಗೆಯಲ್ಲೇ ಇಟ್ಟಿದ್ದರೆ ಜಂತುಹುಳುವಿನ ಔಷಧಿಗಾದರೂ ಆಗುತ್ತಿತ್ತು.

ಬೀದಿನಾಯಿಗಳನ್ನು ಹಿಡಿದು, ಆಪರೇಷನ್ ಮಾಡಿಸಿ, ರೇಬೀಸ್ ಲಸಿಕೆ ಹಾಕಿಸಿ, ಹಿಡಿದ ಜಾಗಕ್ಕೇ ಬಿಡುವುದು ಸ್ಥಳೀಯ ಸಂಸ್ಥೆಯ ಕೆಲಸ ಎಂದು 2023ರ ನಿಯಮಗಳು ಹೇಳುತ್ತವೆ. ನಮ್ಮ ಬೀದಿಯ ತಾಯಿನಾಯಿಗಾಗಿ ಒಂದು ಕಚೇರಿಗೆ ಫೋನ್ ಮಾಡಿದೆ, ಯಾವುದೆಂದು ಕೇಳಬೇಡಿ. ಅವರು ಇನ್ನೊಬ್ಬರ ನಂಬರ್ ಕೊಟ್ಟರು, ಅವರು ಮತ್ತೊಬ್ಬರದು. ನಾಯಿಗೆ ಹೇಳಿದರೆ ನಾಯಿ ತನ್ನ ಬಾಲಕ್ಕೆ ಹೇಳಿತಂತೆ. ನಾಲ್ಕನೆಯವರು ಬಹಳ ವಿನಯವಾಗಿ, “ಊರಲ್ಲಿ ಒಬ್ಬರು ನಾಯಿ ಟೀಚರ್ ಅಂತ ಇದ್ದಾರೆ, ಬರ್ಕೊಳ್ಳಿ” ಎಂದು ಹತ್ತು ಅಂಕಿ ಹೇಳಿದರು. ಬರೆದುಕೊಂಡೆ. ಅದು ನನ್ನದೇ ನಂಬರ್.

ಇದರ ನಡುವೆ ಸುಪ್ರೀಂ ಕೋರ್ಟು 2025ರ ಆಗಸ್ಟ್ 11ರಂದು ದಿಲ್ಲಿಯ ನಾಯಿಗಳೆಲ್ಲ ಆಶ್ರಯತಾಣಕ್ಕೆ ಎಂದಿತು. ಆಗಸ್ಟ್ 22ರಂದು ರೇಬೀಸ್ ತಗುಲಿದವು, ಮೈಮೇಲೆ ಬೀಳುವವು ಬಿಟ್ಟು ಉಳಿದವನ್ನು ಲಸಿಕೆ, ಆಪರೇಷನ್ ಆದ ಮೇಲೆ ವಾಪಸ್ ಬಿಡಿ ಎಂದಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಿಂದ ಸಾಗಿಸಿ, ಅಲ್ಲಿಗೆ ಮತ್ತೆ ಬಿಡಬೇಡಿ ಎಂದಿತು. ಮೂರೂ ಆದೇಶಗಳ ಸುದ್ದಿಯನ್ನು ಕನ್ನಡಕ ಹಾಕಿಕೊಂಡು ಓದಿದ್ದೇನೆ. ಆಶ್ರಯತಾಣ ಎಂದರೆ ಟೀಚರಮ್ಮನ ಗೇಟು ಎಂದು ಎಲ್ಲೂ ಇರಲಿಲ್ಲ.

ನಾಯಿ ಕಂಡರೆ ಹೆದರುವವರ ಮೇಲೆ ನನಗೆ ಸಿಟ್ಟಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಹಿಂದಿನ ಬೀದಿಯ ಮಗುವಿಗೆ ನಾಯಿ ಕಚ್ಚಿದ ದಿನ ಗಾಯವನ್ನು ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಚುಚ್ಚುಮದ್ದಿಗೆ ಕರೆದುಕೊಂಡು ಹೋದವಳು ನಾನೇ. ಮಗುವಿನ ತಾಯಿ ನನ್ನನ್ನು ಬೈದಳು, ಬೈಯಲಿ. ಅವಳು ಹಗಲು ಹೊತ್ತಿನಲ್ಲಿ ನನ್ನೆದುರು ನಿಂತು ಬೈದಳು. ನೀವು ಕತ್ತಲಲ್ಲಿ ಬಂದು ಪುಣ್ಯ ಕಟ್ಟಿಕೊಂಡು ಹೋದಿರಿ. ನಿಮ್ಮ ದಯೆಯ ಟ್ಯಾಂಕಿನಲ್ಲಿ ಪೆಟ್ರೋಲು ಯಾವಾಗಲೂ ನಮ್ಮ ಗೇಟಿನವರೆಗೆ ಮಾತ್ರ.

ಈಗ ನೀವು ಬಿಟ್ಟು ಹೋದವರ ಸಮಾಚಾರ. ಮೂವರಲ್ಲಿ ಕರಿಯವಳು ಮಾರನೇ ದಿನ ಅನ್ನ ಬಿಟ್ಟಳು. ಮೂರನೇ ದಿನ ರಕ್ತಭೇದಿ. ಆ ವಾಸನೆ ಒಮ್ಮೆ ಮೂಗಿಗೆ ಬಿದ್ದವರಿಗೆ ಡಾಕ್ಟರು ಹೇಳುವುದು ಬೇಕಿಲ್ಲ, ಪಾರ್ವೊ. ಗಂಟೆಗೊಮ್ಮೆ ನಾಲಿಗೆಗೆ ನೀರು ಮುಟ್ಟಿಸುತ್ತ, ಡ್ರಿಪ್ಪಿನ ಬಾಟಲಿಯನ್ನು ಕಿಟಕಿ ಸರಳಿಗೆ ಕಟ್ಟಿ, ನಮ್ಮ ಯಜಮಾನರು ಎರಡು ರಾತ್ರಿ ಕುರ್ಚಿಯಲ್ಲೇ ಕೂತರು. ಕರಿಯವಳು ಹೋದಳು. ಅವಳ ಹಿಂದೆ ಕಂದು ಬಣ್ಣದವಳು. ಅಲ್ಲಿಗೆ ನಿಲ್ಲಲಿಲ್ಲ. ಒಂದೇ ಲಸಿಕೆ ಆಗಿದ್ದ ನಮ್ಮ ಅಡಿಕೆಯೂ ಹೋದಳು. ಹೆಣ್ಣಾದರೂ ಪರವಾಗಿಲ್ಲ ಎಂದ ಅಪರೂಪದ ಮನೆಯವರು ಹೊಳಲ್ಕೆರೆಯಿಂದ ಅವಳನ್ನು ಒಯ್ಯಲು ಭಾನುವಾರ ಬರುವವರಿದ್ದರು. ಅವಳಿಗೆ ಕೊರಳಪಟ್ಟಿ ತಂದಿಟ್ಟಿದ್ದರಂತೆ. ಶುಕ್ರವಾರ ಸಂಜೆ ನಾನೇ ಫೋನ್ ಮಾಡಿ ಬರಬೇಡಿ ಅಂದೆ.

ಆ ವೈರಸ್ಸು ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಅಂಗಳಕ್ಕೆಲ್ಲ ಬ್ಲೀಚಿಂಗ್ ನೀರು ಹಾಕಿದ್ದೇನೆ. ಆದರೂ ಲಸಿಕೆ ಆಗದ ಮರಿಗಳನ್ನು ಇನ್ನು ಕೆಲವು ತಿಂಗಳು ಇಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಮುಂದಿನ ಪೆಟ್ಟಿಗೆ ತರುವವರಿಗೆ ಇದು ಗೊತ್ತಿರುವುದಿಲ್ಲ, ಅವರೂ ನಿಮ್ಮ ಹಾಗೆ ಬೆಲ್ ಒತ್ತುವುದಿಲ್ಲ. ನೀವು ಬೆಲ್ ಒತ್ತಿದ್ದರೆ ನಾನು ಬೈಯುತ್ತಿದ್ದೆ, ಖಂಡಿತ. ಬೈದು, ಮರಿಗಳನ್ನು ಹಿಂದಿನ ಕೋಣೆಯಲ್ಲಿ ಬೇರೆ ಇಡುತ್ತಿದ್ದೆ. ಅಡಿಕೆ ಭಾನುವಾರ ಹೊಳಲ್ಕೆರೆಗೆ ಹೋಗುತ್ತಿದ್ದಳು.

ಕೇಳುವುದು ಇಷ್ಟೇ. ಮರಿಗಳನ್ನು ತರಬೇಡಿ, ತಾಯಿಯನ್ನು ಕರೆದುಕೊಂಡು ಬನ್ನಿ. ಆಪರೇಷನ್ನಿಗೆ ಡಾಕ್ಟರನ್ನು ನಾನು ಗೊತ್ತು ಮಾಡುತ್ತೇನೆ, ಹೊಲಿಗೆ ಒಣಗುವವರೆಗೆ ಕೋಣೆ ನನ್ನದು, ಮುದ್ದೆ ನನ್ನದು. ಆಮೇಲೆ ವಾಪಸ್ ಕರೆದುಕೊಂಡು ಹೋಗುವುದು ನಿಮ್ಮದು. ಬಾಣಂತನ ಮಾಡುವವಳು ನಾನು, ಮನೆ ನಿಮ್ಮದೇ ಆಗಬೇಕು.

ಇತಿ,
ನಾಯಿ ಟೀಚರ್

ವಿ.ಸೂ.: ಪೆಟ್ಟಿಗೆಯನ್ನು ಸುಡಬೇಕಾಯಿತು. ಸುಡುವ ಮೊದಲು ಒಳಗೆ ಹಾಸಿದ್ದ ಬಟ್ಟೆ ಎತ್ತಿದೆ. ಅದು ನಾಲ್ಕನೆಯದೋ ಐದನೆಯದೋ ತರಗತಿಯ ಮಗುವಿನ ಯೂನಿಫಾರಂ ಅಂಗಿ. ಜೇಬಿನಲ್ಲಿ ಕಾಪಿ ಪುಸ್ತಕದಿಂದ ಹರಿದ ಒಂದು ಚೂರಿತ್ತು. ಅದರಲ್ಲಿ ಪೆನ್ಸಿಲಿನಲ್ಲಿ, ‘ಬಿಳಿ ಮರಿ ಹೆಸರು ರಾನಿ. ಅವಳಿಗೆ ಕತ್ತಲೆ ಅಂದ್ರೆ ಭಯ.’

ಉಳಿದಿರುವವಳು ಬಿಳಿಯವಳು. ಅಲ್ಲಿಯವರೆಗೆ ನಾನು ದಾಳಿಂಬೆ ಎಂದು ಕರೆಯುತ್ತಿದ್ದೆ, ಅವಳು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಆ ದಿನ ರಾನಿ ಎಂದೆ, ತಿರುಗಿ ನೋಡಿದಳು. ಆ ಮಗುವಿಗೆ ಹೇಳಿ, ರಾತ್ರಿ ನಡುಮನೆಯ ದೀಪ ಆರಿಸುವುದಿಲ್ಲ. ನೋಡಬೇಕೆನಿಸಿದರೆ ಹಗಲು ಹೊತ್ತಿನಲ್ಲಿ ಕರೆದುಕೊಂಡು ಬನ್ನಿ. ಮೂವತ್ತಾರು ವರ್ಷ ಕೆಂಪು ಪೆನ್ನು ಹಿಡಿದವಳು ನಾನು. ಆ ಚೀಟಿಯಲ್ಲಿ ‘ಣ’ ತಪ್ಪಿರುವುದು ಕಂಡಿದೆ, ತಿದ್ದಿಲ್ಲ.