ಗಡ್ಡೆನಿದ್ರಾ ಮೀಮಾಂಸೆ

ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳದೆ ಶಾಸ್ತ್ರಕ್ಕೆ ಕೈಹಾಕುವುದು ಅಶಿಷ್ಟರ ಲಕ್ಷಣ. ಇಲ್ಲಿ ವಿಷಯ, ಗಡ್ಡೆ. ಪ್ರಯೋಜನ, ಬೆಂಗಳೂರಿನಂಥ ಬೆಚ್ಚನೆಯ ಊರಿನ ಒಂದೇ ಪಾತಿಯಲ್ಲಿ ವರ್ಷವಿಡೀ ಹೂ. ಸಂಬಂಧ, ನೆಟ್ಟವನಿಗೂ ಬೆಳಗಾಗುವ ಮುನ್ನವೇ ಅವನ್ನು ದೇವರಿಗೆ ಕಿತ್ತೊಯ್ಯುವ ಪಕ್ಕದ ಮನೆಯವರಿಗೂ ಇರುವಂಥದ್ದು. ಅಧಿಕಾರಿ, ನರ್ಸರಿಯ ಬಣ್ಣದ ಚಿತ್ರ ನೋಡಿ ಜೇಬು ಬರಿದು ಮಾಡಿಕೊಂಡವನು.

ಪೂರ್ವಪಕ್ಷ: ಟ್ಯುಲಿಪ್‌ವಾದಿಗಳ ಪ್ರಕಾರ ಗಡ್ಡೆಯೆಂದರೆ ಟ್ಯುಲಿಪ್, ಮಿಕ್ಕಿದ್ದೆಲ್ಲ ಈರುಳ್ಳಿ. ಟ್ಯುಲಿಪ್‌ಗೆ ಸುಮಾರು 12ರಿಂದ 16 ವಾರಗಳ ಚಳಿ ಬೇಕು. ಶ್ರೀನಗರ ಅದನ್ನು ಪುಕ್ಕಟೆ ಕೊಡುತ್ತದೆ; ಬೆಂಗಳೂರು ಕೊಡದು. ಆದಕಾರಣ ಫ್ರಿಜ್ಜೇ ಹಿಮಾಲಯ ಎಂಬುದು ಇವರ ವಾದ. ಖಂಡನೆ: ಆ ಹಿಮಾಲಯದಲ್ಲಿ ಸೇಬೂ ವಾಸಿಸುತ್ತದೆ. ಮಾಗುವ ಹಣ್ಣು ಹೊರಬಿಡುವ ಎಥಿಲೀನ್ ಗಡ್ಡೆಯೊಳಗಿನ ಮೊಗ್ಗನ್ನು ಕೊಲ್ಲುತ್ತದೆ. ಸೇಬನ್ನು ಹೊರಗಿಟ್ಟರೆ ಗೃಹಕಲಹದೋಷ; ಗಡ್ಡೆಯನ್ನು ಯಾರಾದರೂ ಹುಳಿಗೆ ಹೆಚ್ಚಿದರೆ ವ್ಯಂಜನದೋಷ. ಆದ್ದರಿಂದ ಈ ಮತ ತ್ಯಾಜ್ಯ.

ಸೂತ್ರ 1: ಒಬ್ಬರು ಎದ್ದಾಗ ಮತ್ತೊಬ್ಬರು ಮಲಗಿರತಕ್ಕದ್ದು.

ಭಾಷ್ಯ: ಟ್ಯುಲಿಪ್‌ನಂಥ ಶೀತದೇಶದ ಗಡ್ಡೆ ಏಳುವುದಕ್ಕೆ ಚಳಿಗಾಗಿ ಕಾದರೆ, ನಮ್ಮಲ್ಲಿ ಒಗ್ಗಿದವುಗಳಲ್ಲಿ ಬಹುಪಾಲು ನೀರಿಲ್ಲದ ಕಾಲಕ್ಕೆ ಮಲಗುತ್ತವೆ. ನಿರಂತರ ಹೂವೆಂದರೆ ನಿದ್ದೆಯ ಪಾಳಿ ಹಂಚುವುದಷ್ಟೆ. ಮಾರ್ಚ್-ಏಪ್ರಿಲ್ ಪಾಳಿ ಹಿಪ್ಪಿಯಾಸ್ಟ್ರಮ್‌ನದು. ಅದರ ಕತ್ತು ಮಣ್ಣಿನ ಮೇಲಿರಬೇಕು, ಹೂತರೆ ಮುನಿಸು. ಮೇ ತಿಂಗಳ ಮಳೆಗೆ ಫುಟ್‌ಬಾಲ್ ಲಿಲಿ ಕೆಂಪು ಚೆಂಡಾಗಿ ಎದ್ದು ಬರುತ್ತದೆ. ಅಲ್ಲಿಂದ ಮುಂದೆ ರೈನ್ ಲಿಲಿ; ಇದು ಮುನ್ಸೂಚನೆಯನ್ನು ನಂಬದೆ, ಒಣಗಿದ ನೆಲಕ್ಕೆ ಜೋರು ಮಳೆ ನಿಜವಾಗಿಯೂ ಬಿದ್ದ ಕೆಲವೇ ದಿನಗಳಲ್ಲಿ ಅರಳುವ ಪ್ರತ್ಯಕ್ಷಪ್ರಮಾಣವಾದಿ. ಭಾದ್ರಪದದ ಹೊತ್ತಿಗೆ ಮಲೆನಾಡಿನ ಗೌರಿ ಹೂ ಬೇಲಿ ಹತ್ತುತ್ತದೆ. ಗಡ್ಡೆಯಲ್ಲಿ ಕಾಲ್ಚಿಸಿನ್ ವಿಷವಿರುವುದರಿಂದ ವ್ಯಂಜನದೋಷ ಇಲ್ಲಿ ಪ್ರಾಣಾಂತಿಕ. ಅಕ್ಟೋಬರಿನಿಂದ ಹದಿನೈದು ದಿನಕ್ಕೊಮ್ಮೆ ಒಂದೊಂದು ಸಾಲು ಗ್ಲಾಡಿಯೋಲಸ್ ನೆಟ್ಟರೆ, ಎರಡು ಮೂರು ತಿಂಗಳಲ್ಲಿ ಒಂದರ ಹಿಂದೊಂದು ಸಾಲು ಅರಳಿ ಚಳಿಗಾಲ ದಾಟಿಸುತ್ತದೆ. ಯಾರಾದರೂ ರಜೆ ಹಾಕಿದಲ್ಲಿ ತುಂಬುವ ಬದಲಿ ನೌಕರ, ಸುಗಂಧರಾಜ. ಅದರ ಮೂಲಸ್ಥಾನ ಮೆಕ್ಸಿಕೊ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಪ್ರಜ್ವಲ್' ತಳಿಯ ಪ್ರವರ ಹೇಳುವುದಾದರೆ, ಶೃಂಗಾರ್ ಮತ್ತು ಮೆಕ್ಸಿಕನ್ ಸಿಂಗಲ್ ದಂಪತಿಗಳ ಸಂತಾನ.

ಸೂತ್ರ 2: ಹೂ ಹೋದರೂ ಎಲೆ ಇರಲಿ.

ಭಾಷ್ಯ: ಮುಂದಿನ ಹೂವಿಗೆ ಬೇಕಾದ ಆಹಾರವನ್ನು ಎಲೆ ಈಗಲೇ ಗಡ್ಡೆಗೆ ತುಂಬುತ್ತಿರುತ್ತದೆ. ನೆಂಟರು ಬರುತ್ತಾರೆಂದು ಎಲೆ ಕತ್ತರಿಸಿದವನಿಗೆ ಬರುವ ವರ್ಷ ನೆಂಟರು ಮಾತ್ರ.

ಸೂತ್ರ 3: ಮಲಗಿದವರಿಗೆ ನೀರು ಹೊಯ್ಯಬಾರದು.

ಭಾಷ್ಯ: ಹೊಯ್ದರೆ ಕೊಳೆ. ಮಲಗಿದ ಜಾಗ ಖಾಲಿ ಕಾಣುವುದರಿಂದ ಮನೆಯ ಹಿರಿಯರು ಅಲ್ಲಿ ಕೊತ್ತಂಬರಿ ಬಿತ್ತಿ ದಿನವೂ ನೀರು ಹಾಕುತ್ತಾರೆ. ಕೊತ್ತಂಬರಿ ಸೊಗಸಾಗಿ ಬರುತ್ತದೆ. ಪರಿಹಾರ: ಒಣನಿದ್ದೆ ಬೇಕಾದವುಗಳನ್ನು ಕುಂಡದಲ್ಲಿಟ್ಟು, ಪಾಳಿ ಮುಗಿದ ಮೇಲೆ ಮಳೆ ತಾಗದ ಮೂಲೆಗೆ ಸರಿಸುವುದು; ಮಿಕ್ಕವುಗಳ ನೆತ್ತಿಯ ಮೇಲೆ ಹೆಸರಿನ ಕಡ್ಡಿ ನೆಡುವುದು.

ಫಲಶ್ರುತಿ: ಇದನ್ನೋದಿ ನೆಟ್ಟವನಿಗೆ ಹೂ. ಓದದೆ ನೆಟ್ಟವನಿಗೆ ಎಲೆ. ಓದಿಯೂ ಮೊಳಕೆ ಬಂತೇ ಎಂದು ದಿನಾ ಕೆದಕಿದವನಿಗೆ, ಕೊತ್ತಂಬರಿಯೂ ಇಲ್ಲ.