ಸೋಲಿಗೆ ಜವಾಬ್ದಾರರು ಬೇಕಾಗಿದ್ದಾರೆ

ಚೆಸ್‌ನಲ್ಲಿ ಪಿಚ್ ಇಲ್ಲ. ಟಾಸ್ ಇಲ್ಲ, ಇಬ್ಬನಿ ಇಲ್ಲ, ಥರ್ಡ್ ಅಂಪೈರ್ ಇಲ್ಲ. ಮಳೆ ಬಂದು ಡಕ್‌ವರ್ತ್-ಲೂಯಿಸ್ ಲೆಕ್ಕ ತಲೆಕೆಳಗಾಗುವುದಿಲ್ಲ. ಕೆಟ್ಟ ಎಲೆ ಬರುವುದಿಲ್ಲ, ದಾಳ ಕೈ ಕೊಡುವುದಿಲ್ಲ. ಇಬ್ಬರಿಗೂ ಹದಿನಾರೇ ಕಾಯಿ, ಇಬ್ಬರಿಗೂ ಅದೇ 64 ಮನೆ. ಸೋತರೆ ಸೋತವನೇ ಸೋತದ್ದು. ಹೆಚ್ಚೆಂದರೆ ‘ನಂಗೆ ಕಪ್ಪು ಕಾಯಿ ಬಂತು’ ಅನ್ನಬಹುದು. ಅದೂ ಮುಂದಿನ ಆಟದಲ್ಲಿ ಬಿಳಿ ಬರುವ ತನಕ.

ಇಷ್ಟು ನಿರ್ದಯವಾದ ಆಟವನ್ನು ಬಾಸ್ ಹುಟ್ಟುಹಬ್ಬಕ್ಕೆ ಆನ್‌ಲೈನಿನಲ್ಲಿ ಆಡಿಸೋಣ ಅಂತ ಒಂದು ಅಭಿಮಾನಿ ಬಳಗ ತೀರ್ಮಾನಿಸಿತು. ಅಭಿಮಾನಿ ಅಂದರೆ ಸಾಮಾನ್ಯನಲ್ಲ. ಬಾಸ್ ಸಿನಿಮಾ ಮೂರನೇ ದಿನಕ್ಕೆ ಎತ್ತಂಗಡಿಯಾದರೆ ಥಿಯೇಟರ್ ಕೊಡಲಿಲ್ಲ, ಪೈರಸಿ ಮಾಡಿದರು, ಪರಭಾಷೆಯವರು ಪಿತೂರಿ ನಡೆಸಿದರು, ಪರೀಕ್ಷೆ ಸಮಯ, ಎಲೆಕ್ಷನ್ ಸಮಯ, ಸೆಕೆ ಜಾಸ್ತಿ ಅಂತ ಉಸಿರು ತೆಗೆದುಕೊಳ್ಳದೆ ಹೇಳಬಲ್ಲವನು. ಅವನ ಪ್ರಕಾರ ಸೋಲು ಎಂಬುದು ತಾನಾಗಿ ಆಗುವುದಿಲ್ಲ, ಯಾರೋ ಮಾಡಿಸುತ್ತಾರೆ. ಅಂಥವನನ್ನು ಚೆಸ್ ಬೋರ್ಡಿನ ಮುಂದೆ ಕೂರಿಸಿದ್ದೀರಿ ಅಂದರೆ ಟೂರ್ನಿ ನಡೆಸುವವರ ಕೆಲಸ ಜೋಡಿ ಹಾಕುವುದಲ್ಲ, ಅಂಕ ಎಣಿಸುವುದೂ ಅಲ್ಲ. ಸೋತವರಿಗೆಲ್ಲ ತಲಾ ಒಂದೊಂದು ನೆಪ ಸರಬರಾಜು ಮಾಡುವುದು. ಲಿಂಕ್ ಮಾಡಲು ಬರುತ್ತದೆ ಎಂಬ ಒಂದೇ ಅರ್ಹತೆಯ ಮೇಲೆ ಆ ಇಲಾಖೆ ನನ್ನ ಪಾಲಿಗೆ ಬಂತು. ಹುದ್ದೆಯ ಹೆಸರು ‘ತಾಂತ್ರಿಕ ಸಂಚಾಲಕ’.

ಮೊದಲ ಸಭೆ ಪೂರ್ತಿ ಪೋಸ್ಟರಿಗೆ ಹೋಯಿತು. ಬೆಂಗಳೂರಿನ ರಸ್ತೆಗಳಲ್ಲಿ ಫ್ಲೆಕ್ಸ್ ಕಟ್ಟಿದರೆ ಪಾಲಿಕೆಯವರು ಕಿತ್ತು ಹಾಕಬಹುದು. ವಾಟ್ಸ್ಆ್ಯಪ್‌ನಲ್ಲಿ ಆ ಭಯವಿಲ್ಲ. ಹಾಗಾಗಿ ಬೀದಿಯಲ್ಲಿ ತಡೆದುಕೊಂಡಿದ್ದ ಫೋಟೊಗಳೆಲ್ಲ ಇಲ್ಲಿ ಒಟ್ಟಿಗೆ ನುಗ್ಗಿದವು. ಮೇಲೆ ಬಾಸ್. ಬಾಸ್ ಬಗಲಲ್ಲಿ ಗೌರವಾಧ್ಯಕ್ಷರು, ಅವರ ಕೆಳಗೆ ಅಧ್ಯಕ್ಷರು, ಕಾರ್ಯಾಧ್ಯಕ್ಷರು, ಖಜಾಂಚಿ, ಖಜಾಂಚಿಯವರ ಭಾಮೈದ. ಉಳಿದ ಅಂಚೆಚೀಟಿಯಷ್ಟು ಜಾಗದಲ್ಲಿ ಚೆಸ್ ಬೋರ್ಡು, ಅದೂ ತಿರುಗಿಸಿ ಇಟ್ಟದ್ದು: ಆಟಗಾರನ ಬಲಗೈ ಮೂಲೆಯಲ್ಲಿ ಬಿಳಿ ಮನೆ ಇರಬೇಕಾದಲ್ಲಿ ಕಪ್ಪು ಮನೆ. ಹೇಳಿದೆ. ‘ಬಾಸ್ ಎಡಗಡೆ ನಿಂತವ್ರೆ, ಅವರ ಕಡೆಯಿಂದ ನೋಡಿ ಸರ್, ಸರಿ ಇದೆ’ ಅಂದರು ಕಾರ್ಯಾಧ್ಯಕ್ಷರು. ಆಟಗಾರರು ಕೂರುವ ಎರಡೂ ಕಡೆಯಿಂದ ನೋಡಿದರೂ ಸರಿ ಇರಲಿಲ್ಲ. ಪೋಸ್ಟರ್ ಹಾಗೆಯೇ ಹೋಯಿತು.

ಆಮೇಲೆ ದುಡ್ಡಿನ ಮಾತು. ತಲೆಗೆ ಐವತ್ತು ರೂಪಾಯಿ ಪ್ರವೇಶ ಶುಲ್ಕ, ಗೆದ್ದವರಿಗೆ ನಗದು ಬಹುಮಾನ, ಮಿಕ್ಕದ್ದು ‘ಬಳಗದ ಅಭಿವೃದ್ಧಿಗೆ’ ಎಂದು ಖಜಾಂಚಿಯವರು ಲೆಕ್ಕ ಹಾಕಿಟ್ಟಿದ್ದರು. ನಮ್ಮ ರಾಜ್ಯ 2021ರಲ್ಲೇ ಪಣಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತ್ತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದು ಮಾಡಿತು ಎಂಬುದು ಅವರಿಗೆ ಬಾಯಿಪಾಠವಾಗಿತ್ತು. ‘ಚೆಸ್ಸು ಜೂಜಲ್ಲ ಸರ್, ಬುದ್ಧಿ ಆಟ, ಕೋರ್ಟೇ ಹೇಳದೆ.’ ಆದರೆ 2025ರ ಆಗಸ್ಟಿನಲ್ಲಿ ಸಂಸತ್ತು ಪಾಸು ಮಾಡಿದ ಹೊಸ ಕಾಯ್ದೆಗೆ ಬುದ್ಧಿ, ಅದೃಷ್ಟ ಎಂಬ ಭೇದವಿಲ್ಲ. ದುಡ್ಡು ಕಟ್ಟಿ, ದುಡ್ಡು ಬರುತ್ತದೆಂದು ಆನ್‌ಲೈನಿನಲ್ಲಿ ಆಡಿದರೆ ಅದು ಹಣದ ಆಟ, ಮುಗಿಯಿತು. ಇ-ಸ್ಪೋರ್ಟ್ಸ್‌ಗೆ ವಿನಾಯಿತಿ ಇದೆ, ಆದರೆ ಅದಕ್ಕೆ ಸರ್ಕಾರದ ಮಾನ್ಯತೆ, ನೋಂದಣಿ ಬೇಕು. ನಮ್ಮ ಬಳಗದ ಸ್ವಂತ ನೋಂದಣಿಯೇ ನವೀಕರಣವಾಗಿಲ್ಲ. ಇದನ್ನು ಕೇಳಿ ಖಜಾಂಚಿಯವರ ಮುಖದಲ್ಲಿ ಸಾಂಸ್ಕೃತಿಕ ಚಟುವಟಿಕೆಗಳ ಬಗ್ಗೆ ಇದ್ದ ಉತ್ಸಾಹವೆಲ್ಲ ಇಳಿಯಿತು. ಬಹುಮಾನ ಬಾಸ್ ಸಹಿ ಹಾಕಿದ ಟಿ-ಶರ್ಟ್ ಎಂದಾಯಿತು. ಸಹಿ ಯಾರು ಹಾಕುವುದೆಂದು ಆಮೇಲೆ ನೋಡೋಣ ಎಂದೂ ಆಯಿತು.

ಟೂರ್ನಿಗೆ ಆರಿಸಿಕೊಂಡದ್ದು ಲಿಚೆಸ್ ಎಂಬ ಚೆಸ್ ಜಾಲತಾಣ. ಫ್ರಾನ್ಸಿನ ತಿಬೋ ಡುಪ್ಲೆಸಿ ಎಂಬ ಪ್ರೋಗ್ರಾಮರ್ 2010ರಲ್ಲಿ ಶುರು ಮಾಡಿದ್ದು. ಶುಲ್ಕವಿಲ್ಲ, ಜಾಹೀರಾತಿಲ್ಲ, ನಡೆಯುವುದು ದೇಣಿಗೆಯಿಂದ. ‘ಜಾಹೀರಾತೇ ಇಲ್ಲ ಅಂದ್ರೆ ನಮ್ ಪೋಸ್ಟರ್ ಎಲ್ಲಿ ಹಾಕದು?’ ಎಂಬ ಪ್ರಶ್ನೆ ಬಂತು. ದೇಣಿಗೆ ಎತ್ತಿ ಅದರ ಲೆಕ್ಕವನ್ನೂ ತೋರಿಸುವ ಸಂಸ್ಥೆ ಎಂದಾಗ ಸಭೆಯಲ್ಲಿ ಅಪನಂಬಿಕೆಯ ನಗು.

ಮೊದಲ ದಿನ ಅರೀನಾ ಮಾದರಿ. ಒಂದೂವರೆ ಗಂಟೆ ಗಡಿಯಾರ ಓಡುತ್ತದೆ. ಒಂದು ಆಟ ಮುಗಿದ ಕೂಡಲೇ ಇನ್ನೊಬ್ಬ ಎದುರಾಳಿ. ಗೆದ್ದರೆ ಎರಡು ಅಂಕ, ಡ್ರಾ ಆದರೆ ಒಂದು, ಸತತ ಎರಡು ಗೆದ್ದರೆ ಅಲ್ಲಿಂದ ಮುಂದೆ ಗೆಲುವು ತಪ್ಪುವ ತನಕ ಎಲ್ಲ ದುಪ್ಪಟ್ಟು. ‘ಬರ್ಸರ್ಕ್’ ಎಂಬ ಗುಂಡಿ ಒತ್ತಿದರೆ ನಿಮ್ಮ ಸಮಯ ಅರ್ಧಕ್ಕರ್ಧ ಕಡಿತ, ಗೆದ್ದರೆ ಒಂದು ಅಂಕ ಹೆಚ್ಚಿಗೆ. ಆ ಗುಂಡಿ ನಮ್ಮವರಿಗಾಗಿಯೇ ಮಾಡಿದ್ದು. ಸಮಯ ಇದ್ದಾಗಲೇ ರಾಣಿಯನ್ನು ಬಿಟ್ಟುಕೊಡುವವರೆಲ್ಲ ಬರ್ಸರ್ಕ್ ಒತ್ತಿ, ಅರ್ಧ ಸಮಯದಲ್ಲಿ ರಾಣಿ, ಎರಡೂ ಆನೆ ಕಳೆದುಕೊಂಡು, ‘ಟೈಮ್ ಇದ್ದಿದ್ರೆ ಬೇರೆ ಕತೆ ಇತ್ತು ಮಗಾ’ ಅಂದರು. ತಮ್ಮ ಸಮಯವನ್ನು ತಾವೇ ಕತ್ತರಿಸಿಕೊಂಡು, ಸಮಯ ಸಾಲಲಿಲ್ಲ ಎನ್ನುವ ಸೌಕರ್ಯ ಸರ್ಕಾರಿ ಟೆಂಡರ್ ಬಿಟ್ಟರೆ ಇಲ್ಲೇ ಇರುವುದು.

ಹೊಂದಾಣಿಕೆ ಮಾಡಿಕೊಂಡವರದು ಬೇರೆ ದುಃಖ. ಒಂದೇ ಏರಿಯಾದ ಇಬ್ಬರು ಎದುರಾದರೆ ಮೂರು ನಡೆ ಆಡಿ ಡ್ರಾಕ್ಕೆ ಕೈಕುಲುಕುತ್ತಿದ್ದರು. ಮೊದಲ ಹತ್ತು ನಡೆಯೊಳಗೆ ಡ್ರಾ ಮಾಡಿಕೊಂಡರೆ ಇಬ್ಬರಿಗೂ ಸೊನ್ನೆ ಅನ್ನುವುದು ಅರೀನಾ ನಿಯಮ. ರಾಜ್ಯದಲ್ಲಿ ಎಷ್ಟೊಂದು ಸಮ್ಮಿಶ್ರ ಸರ್ಕಾರಗಳನ್ನು ನೋಡಿ ಬೆಳೆದ ಹುಡುಗರಿಗೆ ಇದು ಅರ್ಥವೇ ಆಗಲಿಲ್ಲ. ‘ನಾವಿಬ್ರೂ ಒಪ್ಪಿದ ಮೇಲೆ ಮಧ್ಯ ಕಂಪ್ಯೂಟರ್ ಯಾವನು?’

ಇದಕ್ಕಿಂತ ಘೋರವಾದದ್ದು ಕೊನೆಯ ನಿಮಿಷ. ಅರೀನಾದ ಗಡಿಯಾರ ನಿಂತ ಕ್ಷಣ, ಆಡುತ್ತಿರುವ ಆಟಗಳು ಲೆಕ್ಕಕ್ಕಿಲ್ಲ. ಇನ್ನೆರಡು ನಡೆಯಲ್ಲಿ ಮೇಟ್ ಕೊಡುವವನಿದ್ದರೂ ಅಷ್ಟೇ. ಇದನ್ನು ಮೊದಲೇ ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಹಾಕಿದ್ದೆ. ಓದಿದವರು ಯಾರೂ ಇಲ್ಲ. ಪೋಸ್ಟರಿನಲ್ಲಿ ತಮ್ಮ ಹೆಸರಿನ ಕಾಗುಣಿತ ಮಾತ್ರ ಎಲ್ಲರೂ ಓದಿದ್ದರು. ಮಂಡ್ಯ ಕಡೆಯ ಅಣ್ಣ ಒಬ್ಬರು ಆನೆ-ರಾಣಿ ಎರಡೂ ಇಟ್ಟುಕೊಂಡು ರಾಜನನ್ನು ಮೂಲೆಗೆ ಅಟ್ಟಿಕೊಂಡು ಹೋಗುವಾಗ ಗಡಿಯಾರ ನಿಂತಿತು. ಅರ್ಧ ಗಂಟೆಯ ವಾಯ್ಸ್ ಮೆಸೇಜ್ ಬಂತು. ಅದರ ಸಾರಾಂಶ: ಗಡಿಯಾರ ನಿಲ್ಲಿಸಿದ್ದು ನಾನು, ನಾನು ಆ ಕಡೆಯವನು. ‘ಆ ಕಡೆ’ ಅಂದರೆ ಇನ್ನೊಬ್ಬ ನಟರ ಬಳಗ. ಅಭಿಮಾನಿಗಳ ಪ್ರಪಂಚದಲ್ಲಿ ದಿಕ್ಕುಗಳು ಎರಡೇ.

ರೇಟಿಂಗ್ ವಿಚಾರಕ್ಕೆ ಬರೋಣ. 1500ಕ್ಕಿಂತ ಕೆಳಗಿನವರಿಗೂ ಒಂದು ಬಹುಮಾನ ಇರಲಿ, ಕಲಿಯುವವರಿಗೆ ಪ್ರೋತ್ಸಾಹ ಎಂದು ನಾನೇ ಸೇರಿಸಿದ್ದೆ. ಲಿಚೆಸ್‌ನಲ್ಲಿ ಹೊಸ ಖಾತೆಗೆ 1500ರಿಂದಲೇ ಲೆಕ್ಕ ಶುರು. ಗೆದ್ದರೆ ಏರುತ್ತದೆ, ಸೋತರೆ ಇಳಿಯುತ್ತದೆ. ಟೂರ್ನಿಗೆ ಎರಡು ವಾರ ಇರುವಾಗ ಬಳಗದಲ್ಲಿ ವಿಚಿತ್ರ ಬರಗಾಲ ಬಿತ್ತು. 1800 ಇದ್ದವರು ದಿನಕ್ಕಿಷ್ಟು ಅಂತ ನಾಲ್ಕನೇ ನಡೆಗೇ ಸೋಲೊಪ್ಪಿ ಇಳಿಯತೊಡಗಿದರು. ನೋಂದಣಿ ಮುಗಿಯುವ ದಿನ ಬಹುತೇಕರು 1490ರ ಆಸುಪಾಸಿನಲ್ಲಿ ನಿಂತಿದ್ದರು, ಮನೆ ಮುಂದೆ ಕಾರು ನಿಲ್ಲಿಸಿ ಬಿಪಿಎಲ್ ಕಾರ್ಡ್ ಹಿಡಿದವರ ಹಾಗೆ. ಸೋಲಲು ಇಷ್ಟು ಶ್ರದ್ಧೆಯಿಂದ ದುಡಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಗಮನಿಸಿ, ಈ ಸೋಲುಗಳಿಗೆ ಯಾರೂ ಯಾರನ್ನೂ ದೂರಲಿಲ್ಲ.

ಇನ್ನು ಸ್ಟಾಕ್‌ಫಿಶ್. ಉಚಿತವಾಗಿ ಸಿಗುವ, ಮೊಬೈಲಿನಲ್ಲೇ ಓಡುವ ಈ ಚೆಸ್ ಎಂಜಿನ್ ವಿಶ್ವ ಚಾಂಪಿಯನ್ನರನ್ನೂ ಹಿಂಡಿ ಹಾಕಬಲ್ಲದು. ಪಕ್ಕದಲ್ಲಿ ಇನ್ನೊಂದು ಫೋನ್ ಇಟ್ಟುಕೊಂಡು ಅದು ಹೇಳಿದ್ದನ್ನು ಇಲ್ಲಿ ಆಡಿದರಾಯಿತು. ಹಾಗೆ ಮಾಡುವವರನ್ನು ಹಿಡಿಯುವುದು ಗೆಲುವಿನಿಂದಲ್ಲ, ಗಡಿಯಾರದಿಂದ. ಎದುರಿಗೆ ಸುಮ್ಮನೆ ಬಿದ್ದಿರುವ ಕುದುರೆಯನ್ನು ಹೊಡೆಯಲೂ ಏಳು ಸೆಕೆಂಡು, ಒಂಟೆಯನ್ನು ಬಲಿ ಕೊಟ್ಟು ಆರು ನಡೆ ಆಚೆ ಮೇಟ್ ಕಾಣಲೂ ಏಳು ಸೆಕೆಂಡು. ಮನುಷ್ಯ ಹೀಗೆ ಯೋಚಿಸುವುದಿಲ್ಲ; ಮನುಷ್ಯ ಮೊದಲನೆಯದನ್ನು ತಟ್ಟನೆ ಹೊಡೆಯುತ್ತಾನೆ, ಎರಡನೆಯದನ್ನು ಕಾಣುವುದೇ ಇಲ್ಲ. ನಮ್ಮ ಉಪಾಧ್ಯಕ್ಷರೊಬ್ಬರು ಎಂಟು ಆಟ ಹೀಗೆ ಗೆದ್ದು, ಒಂಬತ್ತನೆಯದರಲ್ಲಿ ಲಿಚೆಸ್‌ನಿಂದ ಕೆಂಪು ಗುರುತು ಹಾಕಿಸಿಕೊಂಡರು. ವಿಚಾರಣೆಗೆ ಕರೆದರೆ, ‘ಸರ್, ನಾನಾಡಲಿಲ್ಲ, ನಮ್ ಬಾವನ ಮಗ ಫೋನ್ ಇಸ್ಕೊಂಡಿದ್ದ’ ಅಂದರು. ಯಾರಿವನು ಬಾವನ ಮಗ ಎಂದರೆ, ಯುಕೆಜಿ. ಅಷ್ಟು ಪ್ರತಿಭೆಯ ಮಗುವನ್ನು ಮೊದಲು ರಾಜ್ಯ ಚೆಸ್ ಸಂಸ್ಥೆಗೆ ತೋರಿಸಿ ಎಂದೆ.

ನಮ್ಮವರನ್ನೇ ಯಾಕೆ ಅನ್ನಬೇಕು. 2021ರ ಜೂನ್ 13ರಂದು ಕೋವಿಡ್ ಪರಿಹಾರಕ್ಕೆಂದು ನಡೆದ ಪ್ರದರ್ಶನ ಪಂದ್ಯದಲ್ಲಿ ಬೆಂಗಳೂರಿನ ಝೆರೋಧಾ ಕಂಪನಿಯ ನಿಖಿಲ್ ಕಾಮತ್ ಅವರು ಐದು ಬಾರಿಯ ವಿಶ್ವ ಚಾಂಪಿಯನ್ ವಿಶ್ವನಾಥನ್ ಆನಂದ್ ಅವರನ್ನೇ ಸೋಲಿಸಿದರು. ಮಾರನೇ ದಿನ, ಕಂಪ್ಯೂಟರ್ ಮತ್ತು ಬಲ್ಲವರ ಸಹಾಯ ಪಡೆದಿದ್ದೆ, ಇದು ಮೋಜಿಗಾಗಿ, ದಾನಕ್ಕಾಗಿ ಆಡಿದ್ದು ಎಂದು ಅವರೇ ಹೇಳಿ ಕ್ಷಮೆ ಕೇಳಿದರು. ಆನಂದ್ ತಾವು ಬೋರ್ಡಿನ ಮೇಲೆ ಕಂಡದ್ದನ್ನಷ್ಟೇ ಆಡಿದೆ, ಎಲ್ಲರಿಂದಲೂ ಅದನ್ನೇ ನಿರೀಕ್ಷಿಸಿದ್ದೆ ಎಂಬರ್ಥದ ಒಂದು ಸಾಲು ಬರೆದು ಸುಮ್ಮನಾದರು. ಉಪಾಧ್ಯಕ್ಷರು ಈ ಸುದ್ದಿಯ ಕಟಿಂಗ್ ಹಿಡಿದುಕೊಂಡೇ ವಿಚಾರಣೆಗೆ ಬಂದಿದ್ದರು. ಅದರಲ್ಲಿ ಕ್ಷಮೆ ಕೇಳಿದ ಭಾಗವನ್ನು ಮಾತ್ರ ಯಾರೋ ಮಡಚಿದ್ದರು.

ಇದನ್ನೆಲ್ಲ ನೋಡಿದರೆ ಮೈಸೂರಿನ ಅರಸ ಮುಮ್ಮಡಿ ಕೃಷ್ಣರಾಜ ಒಡೆಯರೇ ಬುದ್ಧಿವಂತರು. ಬ್ರಿಟಿಷರು 1831ರಲ್ಲಿ ಆಡಳಿತವನ್ನು ಕಿತ್ತುಕೊಂಡ ಮೇಲೆ ಮೈಸೂರಿನ ಅರಮನೆಯಲ್ಲಿ ಕೂತು ಹೊಸ ಹೊಸ ಮಣೆಯಾಟಗಳನ್ನು ಕಟ್ಟಿದರು. 64 ಮನೆಯನ್ನೂ ಕುದುರೆಯೊಂದು ಒಂದೊಂದೇ ಸಲ ಮುಟ್ಟಿ ಬರುವ ದಾರಿಗಳನ್ನು ಹೆಣೆದರು. ಕುದುರೆ ನಡೆಯ ಆ ಬಂಧದಲ್ಲಿ ಎದುರಾಳಿಯೇ ಇಲ್ಲ. ಸೋಲಿಲ್ಲ, ಆಕ್ಷೇಪಣೆ ಇಲ್ಲ, ತಾಂತ್ರಿಕ ಸಂಚಾಲಕ ಬೇಕಿಲ್ಲ. ನಮ್ಮ ಬಳಗಕ್ಕೆ ನಾನು ಶಿಫಾರಸು ಮಾಡಬೇಕಾಗಿದ್ದ ಆಟ ಅದು.

ಎರಡನೇ ದಿನದ ಫೈನಲ್ ಸ್ವಿಸ್ ಪದ್ಧತಿ. 1895ರಲ್ಲಿ ಜ್ಯೂರಿಕ್‌ನಲ್ಲಿ ಮೊದಲು ಬಳಸಿದ್ದು. ಒಂದೊಂದು ಸುತ್ತಿಗೂ ಸಮಾನ ಅಂಕದವರನ್ನೇ ಜೋಡಿ ಹಾಕುತ್ತದೆ, ಯಾರನ್ನೂ ಹೊರಗಟ್ಟುವುದಿಲ್ಲ. ಕೊನೆಗೆ ಇಬ್ಬರು ಸಮ ಬಂದರೆ ಲಿಚೆಸ್ ಸೊನೆಬಾರ್ನ್-ಬರ್ಗರ್ ಲೆಕ್ಕ ನೋಡುತ್ತದೆ: ನೀವು ಸೋಲಿಸಿದವರ ಅಂಕವೆಲ್ಲ ಪೂರ್ತಿ, ಡ್ರಾ ಮಾಡಿಕೊಂಡವರ ಅಂಕದಲ್ಲಿ ಅರ್ಧ. (ಬರ್ಗರ್ ಕಂಪನಿಯವರು ಪ್ರಾಯೋಜಕತ್ವ ಎಷ್ಟು ಕೊಡುತ್ತಾರೆ ಅಂತ ಖಜಾಂಚಿಯವರು ಕೇಳಿದ್ದು ನಡಾವಳಿಯಲ್ಲಿದೆ.) ಅಧ್ಯಕ್ಷರ ಕಡೆಯ ಹುಡುಗ, ‘ಬಾಸ್‌ಗಾಗಿ_ಪ್ರಾಣ’ ಅನ್ನುವ ಖಾತೆಯವನು, ಈ ಲೆಕ್ಕದಲ್ಲಿ ಅರ್ಧ ಅಂಕದಿಂದ ಎರಡನೆಯವನಾದ. ಅವನಿಗೆ ಇಡೀ ಟೂರ್ನಿಯ ಅತ್ಯುತ್ತಮ ನೆಪ ಸಿಕ್ಕಿತು: ತಾನು ಚೆನ್ನಾಗಿಯೇ ಆಡಿದ್ದೆ, ತನ್ನಿಂದ ಸೋತವರು ಮುಂದಿನ ಸುತ್ತುಗಳಲ್ಲಿ ಸರಿಯಾಗಿ ಗೆಲ್ಲಲಿಲ್ಲ. ಜಗತ್ತಿನಲ್ಲಿ ಬೇರೆ ಯಾವ ಆಟದಲ್ಲಾದರೂ ಸೋತವರ ಮೇಲೆ ಸೋಲು ಹಾಕಲು ಅವಕಾಶವಿದೆಯೇ?

ಗೆದ್ದ ಖಾತೆಯವನಿಗೆ ಟಿ-ಶರ್ಟ್ ಅಳತೆ ಕೇಳಿದೆ. ‘ಬೇಡ ಅಣ್ಣ, ಮನೇಲಿ ಬೈತಾರೆ. ನಾವು ಆ ಕಡೆಯವ್ರು’ ಎಂದು ಉತ್ತರ ಬಂತು. ಇಡೀ ಟೂರ್ನಿಯಲ್ಲಿ ಒಂದೂ ದೂರು ಕೊಡದವನು ಅವನೊಬ್ಬನೇ. ಆಗಲೇ ಅನುಮಾನ ಬರಬೇಕಿತ್ತು.

ತುರ್ತು ಸಭೆ. ಆ ಕಡೆಯವನಿಗೆ ಬಾಸ್ ಹೆಸರಿನ ಬಹುಮಾನ ಹೇಗೆ ಕೊಡುವುದು? ಗೌರವಾಧ್ಯಕ್ಷರು ಎಲ್ಲಿಂದಲೋ ಹುಡುಕಿಸಿ ತಂದಿದ್ದರು: 2020ರ ಆಗಸ್ಟ್ 30ರಂದು ಆನ್‌ಲೈನ್ ಚೆಸ್ ಒಲಿಂಪಿಯಾಡಿನ ಫೈನಲ್‌ನಲ್ಲಿ ಜಾಗತಿಕ ಇಂಟರ್‌ನೆಟ್ ವ್ಯತ್ಯಯದಿಂದ ಭಾರತದ ನಿಹಾಲ್ ಸರಿನ್, ದಿವ್ಯಾ ದೇಶಮುಖ್ ಇಬ್ಬರ ಸಂಪರ್ಕ ತಪ್ಪಿ ಸಮಯ ಮೀರಿತ್ತು, ಭಾರತ ಮನವಿ ಸಲ್ಲಿಸಿದ ಮೇಲೆ ವಿಶ್ವ ಚೆಸ್ ಸಂಸ್ಥೆ ಫಿಡೆ ಭಾರತ, ರಷ್ಯಾ ಎರಡಕ್ಕೂ ಚಿನ್ನ ಕೊಟ್ಟಿತು. ಅದು ನಿಜವಾದ ವ್ಯತ್ಯಯ, ಪ್ರಪಂಚಕ್ಕೆಲ್ಲ ಆದದ್ದು, ನಮ್ಮಲ್ಲಿ ಯಾರ ಇಂಟರ್‌ನೆಟ್ಟೂ ಹೋಗಿಲ್ಲ ಎಂದೆ. ‘ಯಾರು ಹೇಳಿದ್ದು? ನಂದು ಹೋಗಿತ್ತು’ ಅಂದರು ಗೌರವಾಧ್ಯಕ್ಷರು. ಅವರು ಆಡಿಯೇ ಇರಲಿಲ್ಲ. ಆದರೂ ಅವರು ಹೇಳಿದ ಮೇಲೆ ಹೋಗಿತ್ತು ಅಂತಲೇ ಬರೆದುಕೊಂಡೆವು. ಫೈನಲ್‌ನ ಎಲ್ಲರೂ ಜಂಟಿ ವಿಜೇತರು; ಆ ಕಡೆಯವನ ಖಾತೆ ಮಾತ್ರ ತಾಂತ್ರಿಕ ಕಾರಣಗಳಿಂದ ಪಟ್ಟಿಯಲ್ಲಿ ಕಾಣಿಸುವುದಿಲ್ಲ. ತಾಂತ್ರಿಕ ಎಂದರೆ ನಾನು.

ಮುಂದಿನ ವರ್ಷ ಚೆಸ್ ಬೇಡ, ಲೂಡೊ ಆಡಿಸೋಣ ಎಂಬ ಠರಾವನ್ನು ಖಜಾಂಚಿಯವರು ಮಂಡಿಸಿದರು. ದಾಳ ಇರುತ್ತದೆ, ಸೋತವರಿಗೆ ಮನಸ್ಸಿಗೆ ಹಗುರ. ಎಲ್ಲರೂ ಕೈ ಎತ್ತಿದ್ದರು. ಅಷ್ಟರಲ್ಲಿ ಹಿಂದಿನ ಸಾಲಿನ ಹುಡುಗ ಎದ್ದು, ಲೂಡೊ ಆ್ಯಪಿನ ಜಾಹೀರಾತಿನಲ್ಲಿ ಬರುವುದು ಆ ಕಡೆಯ ಬಾಸ್, ದಾಳದಲ್ಲಿ ನಮಗೆ ಆರು ಬೀಳದ ಹಾಗೆ ಮಾಡಿರುತ್ತಾರೆ ಎಂದ. ಸತ್ಯಶೋಧನೆಗೆ ಉಪಸಮಿತಿ ರಚನೆಯಾಗಿದೆ. ಸಂಚಾಲಕನಾಗಿ ನನ್ನ ಹೆಸರನ್ನು ಸೂಚಿಸಿದವರು ಮಾಜಿ ಉಪಾಧ್ಯಕ್ಷರು, ಅನುಮೋದಿಸಿದ್ದು ಮಂಡ್ಯದ ಅಣ್ಣ.